ಮೀಸಲು ಮರದ ಕೆಳಗೆ ಕಾಂಭೋಜಿ

ಸಂಗೀತ ಕಚೇರಿಯಲ್ಲಿ ಜನ ಯಾಕೆ ತಲೆ ಆಡಿಸುತ್ತಾರೆ ಎನ್ನುವುದು ನನಗೆ ಬಹಳ ಕಾಲದಿಂದ ಇರುವ ಕುತೂಹಲ. ನಾನು ತುಮಕೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಲೋಲಕ ಯಾಕೆ ತೂಗುತ್ತದೆ, ಬಿಗಿದ ತಂತಿ ಯಾಕೆ ಕಂಪಿಸುತ್ತದೆ ಎಂದು ಯಾರಾದರೂ ಕೇಳಿದರೆ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೆ ವೇದಿಕೆಯ ಮೇಲೆ ಒಬ್ಬರು ಕೂತು ಕಣ್ಣು ಮುಚ್ಚಿ 'ಆ' ಎಂದರೆ ಕೆಳಗೆ ಕೂತ ಅಷ್ಟೂ ತಲೆಗಳು ಯಾವ ನಿಯಮಕ್ಕೆ ಒಳಪಟ್ಟು ಅಲ್ಲಾಡುತ್ತವೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕೆಲವು ತಲೆ ಮೇಲಕ್ಕೂ ಕೆಳಕ್ಕೂ ಆಡುತ್ತವೆ, ಕೆಲವು ಅಡ್ಡಡ್ಡಕ್ಕೆ. ಮನೆಯಲ್ಲಿ ಊಟಕ್ಕೆ ಕೂತಾಗ ಅಡ್ಡಡ್ಡಕ್ಕೆ ಆಡಿಸಿದರೆ 'ಸಾಕು, ಬಡಿಸಬೇಡಿ' ಎಂದರ್ಥ. ಕಚೇರಿಯಲ್ಲಿ ಅದೇ ಆಟಕ್ಕೆ 'ಇನ್ನೂ ಬಡಿಸಿ' ಎಂದರ್ಥ. ಇದನ್ನು ಹೊರಗಿನವನು ಹೇಗೆ ತಿಳಿಯಬೇಕು? ಇಷ್ಟೆಲ್ಲ ತಲೆಗಳ ಪೈಕಿ ಒಂದೇ ಒಂದು ತಲೆ, ಒಂದು ಸಂಜೆ, ಯಾಕೆ ಅಲ್ಲಾಡಿತು ಎಂಬುದಕ್ಕೆ ಮಾತ್ರ ನಾನು ಖಚಿತವಾದ ಕಾರಣ ಕೊಡಬಲ್ಲೆ, ಏಕೆಂದರೆ ಆ ತಲೆ ನನ್ನದು. ಆ ಸಂಜೆ ಕಳೆದು ವರ್ಷಗಳಾದವು. ಆದರೂ ಊಟದ ಮಧ್ಯೆ, ಪಾಠದ ಮಧ್ಯೆ, ಕೆಲವೊಮ್ಮೆ ಹಲ್ಲುಜ್ಜುತ್ತಾ ನಿಂತಿರುವಾಗ, ಅದು ಮೊದಲಿನಿಂದ ಕೊನೆಯವರೆಗೆ ಮತ್ತೆ ನನ್ನ ಮುಂದೆ ನಡೆದುಹೋಗುತ್ತದೆ. ನಡೆದದ್ದನ್ನು ನಾನು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಮಾವನವರು ಬೇರೆ ರೀತಿ ಹೇಳುತ್ತಾರೆ. ಅವರು ಹಿರಿಯರು, ಅವರ ಧ್ವನಿಯೂ ದೊಡ್ಡದು, ಹಾಗಾಗಿ ಗುಬ್ಬಿಯಿಂದ ಕುಣಿಗಲ್ಲಿನ ತನಕ ಚಲಾವಣೆಯಲ್ಲಿರುವುದು ಅವರ ಆವೃತ್ತಿಯೇ.

ಮಾವನವರ ಊರು ನಿಟ್ಟೂರು. ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ವಾಕಿಂಗ್ ಶುರು ಮಾಡುತ್ತಾರೆ, ಇಲ್ಲವೇ ಹೋಮಿಯೋಪತಿ ಶುರು ಮಾಡುತ್ತಾರೆ; ಇವರು ರಾಮೋತ್ಸವ ಶುರು ಮಾಡಿದರು. ರೈಲ್ವೆ ಹಳಿಗೆ ಅಂಟಿಕೊಂಡಂತಿರುವ ತಮ್ಮ ತೆಂಗಿನ ತೋಟದಲ್ಲೇ ಚಪ್ಪರ ಹಾಕಿಸಿ, ರಾಮನವಮಿಯಿಂದ ಪಟ್ಟಾಭಿಷೇಕದವರೆಗೆ ದಿನವೂ ಸಂಜೆ ಸಂಗೀತವನ್ನೋ ನೃತ್ಯವನ್ನೋ ಏರ್ಪಡಿಸುತ್ತಿದ್ದರು. ಆಗ ತೋಟಕ್ಕೆ ಕರೆಂಟು ಬಂದಿರಲಿಲ್ಲ. ಪೆಟ್ರೋಮ್ಯಾಕ್ಸಿಗೆ ಹುಳ ಮುತ್ತುವ ಮೊದಲೇ ಮಂಗಳ ಹಾಡಿ ಮುಗಿಸಬೇಕೆಂದು ಬಿಸಿಲು ಇಳಿಯುತ್ತಿದ್ದ ಹಾಗೇ ಕಾರ್ಯಕ್ರಮ ಆರಂಭ. ನನಗೆ ಮದುವೆಯಾಗಿ ಮೊದಲ ವರ್ಷ. "ಅಳಿಯಂದಿರು ಬರದೆ ಹೋದರೆ ರಾಮದೇವರೂ ಬರಲ್ಲ" ಎಂದು ಮಾವನವರು ಕಾಗದ ಬರೆದಿದ್ದರು. ರಾಮದೇವರಿಗೆ ತೊಂದರೆಯಾಗಬಾರದೆಂದು ನಾನೂ ನನ್ನ ಹೆಂಡತಿ ಶಾರದೆಯೂ ತುಮಕೂರಿನಲ್ಲಿ ರೈಲು ಹತ್ತಿದೆವು.

ಶಾರದೆ ಹಾಡುತ್ತಾಳೆ, ಚಿಕ್ಕಂದಿನಿಂದ ಪಾಠವಾಗಿದೆ. ನನ್ನ ಸಂಗೀತಜ್ಞಾನದ ಅಳತೆ ಅವಳಿಗೆ ಮದುವೆಯಾದ ವಾರದಲ್ಲೇ ಸಿಕ್ಕಿತ್ತು. ಗುಬ್ಬಿ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ, ಅಕ್ಕಪಕ್ಕದವರು ಇಳಿದದ್ದನ್ನು ನೋಡಿಕೊಂಡು, ತಗ್ಗಿದ ದನಿಯಲ್ಲಿ ಶುರು ಮಾಡಿದಳು.

"ರೀ, ಅಲ್ಲಿ ನೀವು ತಲೆ ಮಾತ್ರ ಆಡಿಸಬೇಡಿ."

"ಯಾಕೆ?"

"ಹೋದ ತಿಂಗಳು ತುಮಕೂರಿನ ಕಚೇರೀಲಿ ಅವರಿನ್ನೂ ತಂಬೂರಿ ಶ್ರುತಿ ಮಾಡ್ಕೋತಾ ಇದ್ರು. ನೀವು ಆಗ್ಲೇ ತಲೆದೂಗಿ 'ಭಲೇ' ಅಂದ್ಬಿಟ್ರಿ. ಮುಂದೆ ಕೂತಿದ್ದೋರೆಲ್ಲ ತಿರುಗಿ ನೋಡಿದ್ರು."

"ಚೆನ್ನಾಗಿತ್ತಲ್ಲ ಮತ್ತೆ?"

"ಚೆನ್ನಾಗಿತ್ತು ಬಿಡಿ. ಇಲ್ಲಿ ನಮ್ಮಪ್ಪನ ಸ್ನೇಹಿತರೆಲ್ಲ ಇರ್ತಾರೆ. ತಾಳಾನೂ ಹಾಕಬೇಡಿ. ಕೈ ಕಟ್ಕೊಂಡು ಸುಮ್ನೆ ಕೂತ್ಕೊಂಡ್ರೆ ತುಂಬಾ ತಿಳಿದೋರು ಅನ್ಕೋತಾರೆ."

ಅಲ್ಲಾಡದೆ ಕೂರುವುದು ನನ್ನ ಶಕ್ತಿಗೆ ಮೀರಿದ್ದೇನಲ್ಲವೆಂದು ಒಪ್ಪಿಕೊಂಡೆ.

ತೋಟಕ್ಕೆ ಹೋಗಿ ನೋಡಿದರೆ ಚಪ್ಪರ ನಿಜವಾಗಿಯೂ ಚೆನ್ನಾಗಿತ್ತು. ಹೆಣೆದ ತೆಂಗಿನ ಗರಿಯ ಮಾಡು, ಮಾವಿನ ಸೊಪ್ಪಿನ ತೋರಣ, ನೆಲಕ್ಕೆ ಜಮಖಾನ. ಒಂದು ಕಡೆ ಗಂಡಸರಿಗೆ, ಒಂದು ಕಡೆ ಹೆಂಗಸರಿಗೆ ಜಾಗ. ಹಿಂದೆ ಮಣ್ಣಿನ ಗುಡಾಣಗಳಲ್ಲಿ ಪಾನಕ. ವೇದಿಕೆಯೆಂದರೆ ದಿಮ್ಮಿಗಳ ಮೇಲೆ ಜೋಡಿಸಿದ ಹಲಗೆಗಳು. ಅವು ಜಾರದ ಹಾಗೆ ಹಿಂದಿದ್ದ ಒಂದು ತೆಂಗಿನ ಮರದ ಬುಡಕ್ಕೆ ನಾರಿನ ಹಗ್ಗದಿಂದ ಬಿಗಿದಿದ್ದರು. ಮರ ನೆಟ್ಟಗಿರಲಿಲ್ಲ. ವೇದಿಕೆಯ ಹಿಂದಿನಿಂದ ಎದ್ದು, ಮಾಡಿನಲ್ಲಿ ಅದಕ್ಕೆಂದೇ ಬಿಟ್ಟಿದ್ದ ದೊಡ್ಡ ಕಿಂಡಿಯ ಮೂಲಕ ಹೊರಗೆ ಹೋಗಿ, ಅಲ್ಲಿಂದ ಮುಂದಕ್ಕೆ ವಾಲಿತ್ತು. ಹಾಡುವವರ ಭುಜದ ಮೇಲಿಂದ ಬಗ್ಗಿ ನೋಡುತ್ತಿರುವ ಉದ್ದನೆಯ ಮನುಷ್ಯನ ಹಾಗೆ. ತೋಟದ ಉಳಿದ ಮರಗಳ ಕಾಯಿ ಕೆಡವಿಸಿ ಆಗಿತ್ತು. ಈ ಒಂದು ಮರದಲ್ಲಿ ಮಾತ್ರ ಗೊನೆ ಹಾಗೇ ಇತ್ತು. ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದ ಬಲಿತ ಕಾಯಿಗಳು.

ನಾನು ಕುತೂಹಲದಿಂದಲೇ ಕೇಳಿದೆ. "ಮಾವ, ಇದೊಂದು ಮರದ ಕಾಯಿ ಹಾಗೇ ಬಿಟ್ಟಿದೀರಲ್ಲ?"

"ಅದು ರಾಮದೇವರ ಮೀಸಲು ಮರ ಅಳಿಯಂದಿರೆ. ಪಟ್ಟಾಭಿಷೇಕದ ದಿವಸ ಬೆಳಿಗ್ಗೆ ಇಳಿಸೋದು. ಅಲ್ಲೀವರೆಗೂ ಯಾರೂ ಮುಟ್ಟೋ ಹಂಗಿಲ್ಲ."

"ವೇದಿಕೆ ಮೇಲಕ್ಕೇ ವಾಲಿದೆಯಲ್ಲ?"

"ವಾಲಿರೋದಕ್ಕೇ ಅಲ್ವೇ ಅದರ ಕೆಳಗೆ ವೇದಿಕೆ ಕಟ್ಟಿಸಿರೋದು! ಹಾಡೋರಿಗೆ ತಂಪಾಗಿರುತ್ತೆ."

"ಕಾಯಿ ಒಣಗಿದ ಹಾಗಿದೆ. ತಾನಾಗೇ ಬಿದ್ದರೆ?"

ಮಾವನವರು ಸುತ್ತ ನಿಂತಿದ್ದವರ ಕಡೆ ತಿರುಗಿ ದೊಡ್ಡದಾಗಿ ನಕ್ಕರು. "ಕೇಳಿದ್ರೇನ್ರಯ್ಯ? ನಮ್ಮ ಅಳಿಯಂದಿರು ಸೈನ್ಸ್ ಓದಿದೋರು. ತೆಂಗಿನಮರ ನೋಡಿದ್ರೆ ನಮಗೆ ಎಳನೀರು ಕಾಣುತ್ತೆ, ಅವರಿಗೆ ಗುರುತ್ವಾಕರ್ಷಣೆ ಕಾಣುತ್ತೆ." ಆಮೇಲೆ ನನ್ನ ಬೆನ್ನು ತಟ್ಟಿ, "ಮೀಸಲು ಕಾಯಿ ಯಾರ ತಲೆ ಮೇಲೂ ಬೀಳಲ್ಲ ಬಿಡಿ. ನಮ್ಮ ತಾತನ ಕಾಲದಿಂದಲೂ ಬಿದ್ದಿಲ್ಲ" ಎಂದರು.

ತಾತನ ಕಾಲದಲ್ಲಿ ಆ ಮರದ ಕೆಳಗೆ ಯಾರೂ ಕೂತು ಹಾಡುತ್ತಿರಲಿಲ್ಲವಲ್ಲ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ತೋರಣ ಕಟ್ಟುತ್ತಿದ್ದ ತೋಟದಾಳು ಮೇಲಿನಿಂದಲೇ, "ಕಾಯ್ಗೆ ಮೂರು ಕಣ್ಣವೆ ಬುಡಿ ಸ್ವಾಮಿ, ನೋಡ್ಕಂಡೇ ಬೀಳ್ತದೆ" ಎಂದು ಸಮಾಧಾನ ಹೇಳಿದ. ಆ ಮೂರು ಕಣ್ಣೂ ಮಟ್ಟೆಯ ಒಳಗೆ ಮುಚ್ಚಿಹೋಗಿರುತ್ತವಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ, ಹೇಳಿ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ಎಲ್ಲರೂ ಜಮಖಾನದ ಮೇಲೆ ಕೂತರು. ನನ್ನನ್ನು ಮಾತ್ರ ಕೂರಲು ಬಿಡಲಿಲ್ಲ. ಅಳಿಯಂದಿರು ನೆಲದ ಮೇಲೆ ಕೂರುವುದುಂಟೇ ಎಂದು ಮಾವನವರು ಮನೆಯಿಂದ ತಮ್ಮ ಸ್ವಂತ ಒರಗು ಕುರ್ಚಿಯನ್ನು ತರಿಸಿ ಎಲ್ಲರಿಗಿಂತ ಮುಂದೆ ಹಾಕಿಸಿದರು. ಒರಗು ಕುರ್ಚಿ ಎಂತಹ ವಸ್ತುವೆಂದು ಅದರಲ್ಲಿ ಕೂತವರಿಗೆ ಗೊತ್ತು. ಅದರಲ್ಲಿ ಕೂತ ಮನುಷ್ಯ ಎದುರಿಗಿರುವುದನ್ನು ನೋಡಲಾರ. ಅವನ ಮುಖ ಆಕಾಶಕ್ಕೇ ತಿರುಗಿರುತ್ತದೆ. ಹೀಗೆ ಚಪ್ಪರದಲ್ಲಿದ್ದ ಅಷ್ಟೂ ಜನರ ಪೈಕಿ, ಗೌರವದ ಕಾರಣದಿಂದ, ಕಿಂಡಿಯೂ ಕಿಂಡಿಯಾಚೆಯ ಗೊನೆಯೂ ಕಾಣುವ ಜಾಗ ಸಿಕ್ಕಿದ್ದು ನನಗೊಬ್ಬನಿಗೇ. ನನ್ನ ಕುರ್ಚಿಗೆ ಒರಗಿದಂತೆ ಜಮಖಾನದ ಮೇಲೆ ಮಾವನವರ ಸ್ನೇಹಿತರಾದ ಹಳೆಯ ಪೋಸ್ಟ್‌ಮಾಸ್ಟರು ಕೂತಿದ್ದರು. ತಾಳದಲ್ಲಿ ಅವರು ಬಹಳ ಕಟ್ಟುನಿಟ್ಟಂತೆ. ಮೃದಂಗದವರೇ ಅವರ ತೊಡೆಯ ಕಡೆ ಒಂದು ಕಣ್ಣಿಟ್ಟು ನುಡಿಸುತ್ತಾರಂತೆ.

ಮಾವನವರು ಎದ್ದು ನಿಂತು ತಮ್ಮ ಹೆಡ್‌ಮಾಸ್ಟರ ದನಿಯಲ್ಲಿ ಆ ಉತ್ಸವದ ಏಕೈಕ ನಿಯಮವನ್ನು ಹೇಳಿದರು: "ಹಾಡು ನಡೀತಾ ಇರುವಾಗ ಯಾರೂ ಏಳಕೂಡದು, ಯಾರೂ ಮಾತಾಡಕೂಡದು. ಕೆಮ್ಮು ಬಂದ್ರೆ ನುಂಗಿ. ರಾಗ ಮುಗಿದ ಮೇಲೆ ಏನಿದ್ರೂ." ಹೆಂಗಸರ ಕಡೆಯಿಂದ ಶಾರದೆ ನನ್ನನ್ನು ನೋಡಿ ಎರಡು ಕೈ ಕಟ್ಟಿ ತೋರಿಸಿದಳು. ನಾನೂ ಕೈ ಕಟ್ಟಿಕೊಂಡೆ.

ಮೊದಲು ಒಬ್ಬ ಹುಡುಗಿಯ ಭರತನಾಟ್ಯ. ಅವಳು ಸೊಗಸಾಗಿಯೇ ಕುಣಿದಿರಬೇಕು. ನನಗೆ ಕುರ್ಚಿಯಿಂದ ಕಾಣುತ್ತಿದ್ದದ್ದು ಅವಳ ಜಡೆಯ ತುದಿ ಮತ್ತು ಆಗಾಗ ಮೇಲೇಳುವ ಬೆರಳುಗಳು ಮಾತ್ರ. ಆದರೆ ಅವಳು ಹೆಜ್ಜೆ ಹಾಕಿದಾಗಲೆಲ್ಲ ಹಲಗೆ ಅದುರುತ್ತಿತ್ತು, ಹಲಗೆಯಿಂದ ಹಗ್ಗ, ಹಗ್ಗದಿಂದ ಮರ, ಮರದ ತುದಿಯಲ್ಲಿ ಗೊನೆ. ಕಂಪನ ಘನವಸ್ತುವಿನಲ್ಲಿ ಹೇಗೆ ಸಾಗುತ್ತದೆ ಎಂಬ ಪಾಠಕ್ಕೆ ಅಷ್ಟು ಚೆನ್ನಾದ ಪ್ರಯೋಗವನ್ನು ನಾನು ನಮ್ಮ ಪ್ರಯೋಗಾಲಯದಲ್ಲೂ ಕಂಡಿಲ್ಲ. ಬರೀ ಕುತೂಹಲದಿಂದ ನೋಡುತ್ತಿದ್ದೆ. ಆಗ ಕಿಂಡಿಯಿಂದ ಒಂದು ಎಳೆಯ ಪೀಚುಕಾಯಿ, ಅಡಿಕೆಗಿಂತ ತುಸು ದೊಡ್ಡದು, ಟಪ್ಪೆಂದು ವೇದಿಕೆಗೆ ಬಿತ್ತು. ನಾನು ಕತ್ತು ಎತ್ತಿ ನೋಡುವಷ್ಟರಲ್ಲಿ ಹುಡುಗಿ ಅದನ್ನು ಕಾಲಿನಿಂದ ಹಗುರವಾಗಿ ಸರಿಸಿ ಕುಣಿತ ಮುಂದುವರಿಸಿದಳು. ಜನ ಮೆಚ್ಚಿ ನಕ್ಕರು. ನನ್ನ ಕುತೂಹಲ ಅಲ್ಲಿಗೆ ಮುಗಿದು, ಇನ್ನೊಂದೇನೋ ಶುರುವಾಯಿತು.

ಆಮೇಲೆ ಕುಣಿಗಲ್ ಕಡೆಯಿಂದ ಬಂದಿದ್ದ ವಿದ್ವಾಂಸರು ಬಂದು ಕೂತರು. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದೆ. ಎಪ್ಪತ್ತರ ಹತ್ತಿರದ ವಯಸ್ಸು, ತೆಳ್ಳನೆಯ ದೇಹ. ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಸಂಜೆಯ ಬೆಳಕು ಅಲ್ಲಿ ಬಿದ್ದು ಹೊಳೆಯುತ್ತಿತ್ತು. ಕೂತದ್ದು ಎಲ್ಲಿ? ಪಕ್ಕದಲ್ಲಿ ಹಾಲಿನ ಹಿತ್ತಾಳೆ ಲೋಟ ಇಟ್ಟುಕೊಂಡು, ಸರಿಯಾಗಿ ಕಿಂಡಿಯ ಕೆಳಗೆ. ನಾನು ಕಣ್ಣಿನಲ್ಲೇ ಗೊನೆಯಿಂದ ಒಂದು ತೂಗುದಾರ ಇಳಿಬಿಟ್ಟೆ. ದಾರ ಆ ಹೊಳೆಯುವ ನೆತ್ತಿಯ ನಟ್ಟನಡುವೆ ಬಂದು ನಿಂತಿತು.

ಒಂದೆರಡು ಸಣ್ಣ ಕೀರ್ತನೆಗಳಾದ ಮೇಲೆ ಅವರು ರಾಗ ಎತ್ತಿಕೊಂಡರು. ಪೋಸ್ಟ್‌ಮಾಸ್ಟರು ನನ್ನ ಮೊಣಕೈ ಮುಟ್ಟಿ ಪಿಸುಗುಟ್ಟಿದರು: "ಕಾಂಭೋಜಿ. ಇನ್ನು ಇವತ್ತಿಗೆ ಬೇರೇನೂ ಬೇಡ." ನಿಯಮ ಮಾಡಿದವರ ಸ್ನೇಹಿತರಿಗೆ ನಿಯಮವಿಲ್ಲ. ಅದೇ ಹೊತ್ತಿಗೆ ಪಶ್ಚಿಮದಿಂದ ಗಾಳಿ ಎದ್ದಿತು. ಚೈತ್ರದ ಸಂಜೆ ಮಳೆ ಬರುವ ಮುಂಚೆ ಏಳುತ್ತದಲ್ಲ, ಆ ಗಾಳಿ. ಮರ ತೂಗಿತು. ಗೊನೆಯೂ ತೂಗಿತು. ಅದರಲ್ಲಿ ಒಂದು ಕಾಯಿ ಉಳಿದವುಗಳಿಗಿಂತ ಹೆಚ್ಚಾಗಿ, ತನ್ನದೇ ತಾಳದಲ್ಲಿ ತೂಗುತ್ತಿತ್ತು. ನನ್ನ ತಲೆ ಅದರ ಜೊತೆಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು.

ಇದನ್ನು ವಿದ್ವಾಂಸರು ಕಂಡರು. ಹಾಡುವವರಿಗೆ ಎದುರಿಗೆ ಒಂದು ತಲೆ ಬೇಕಂತೆ. ಅದನ್ನೇ ನೋಡಿಕೊಂಡು ಹಾಡುತ್ತಾರಂತೆ. ಆ ಸಂಜೆ ಅವರು ಆರಿಸಿಕೊಂಡದ್ದು ನನ್ನ ತಲೆಯನ್ನು. ಸುತ್ತಲೂ ಪಳಗಿದ ತಲೆಗಳೆಷ್ಟೋ ಇದ್ದವು. ಆದರೆ ಒರಗು ಕುರ್ಚಿಯಲ್ಲಿ ಮೈಮರೆತು, ಕಣ್ಣು ಮೇಲೆ ನೆಟ್ಟು, ಬಾಯಿ ತೆರೆದುಕೊಂಡು ತೂಗುತ್ತಿದ್ದ ತಲೆ ಬೇರೆ ಯಾವುದಿತ್ತು? ಕಾಯಿ ಬಲಕ್ಕೆ ಜೋಲಿ ಹೊಡೆದಾಗ ನಾನು ತಡೆಯಲಾರದೆ "ಅಯ್ಯೋ!" ಎಂದೆ. ವಿದ್ವಾಂಸರ ಮುಖ ಅರಳಿತು. ಈಗಷ್ಟೇ ಹಾಡಿದ ಸಂಗತಿಯನ್ನೇ ಮತ್ತೊಮ್ಮೆ, ಇನ್ನೂ ಕೊಂಚ ಬಾಗಿಸಿ, ನನ್ನ ಕಡೆಗೇ ಕೈ ಚಾಚಿ ಹಾಡಿದರು. ಕಾಯಿ ಮತ್ತೆ ಜೋಲಿ ಹೊಡೆಯಿತು. "ಅಯ್ಯಯ್ಯೋ!" ಎಂದೆ. ಚಪ್ಪರದಲ್ಲಿ ಒಂದು ಸಂಚಲನವಾಯಿತು. ಹಿಂದಿನಿಂದ ಯಾರೋ, "ಯಾರಪ್ಪಾ ಅವರು? ಭಾರಿ ರಸಿಕರು" ಎಂದರು. "ಹೆಡ್‌ಮಾಸ್ಟರ ಅಳಿಯ ಕಣೋ, ತುಮಕೂರಲ್ಲಿ ಲೆಕ್ಚರರ್ರು" ಎಂದು ಇನ್ನೊಬ್ಬರು.

ಮಾವನವರ ಮುಖ ನೋಡಿದೆ. ಹೆಮ್ಮೆಯಿಂದ ಊದಿಕೊಂಡಿತ್ತು. ಶಾರದೆಯ ಮುಖ ನೋಡಿದೆ. ನಾಳೆ ತುಮಕೂರಿಗೆ ಹೋಗುವ ರೈಲಿನಲ್ಲಿ ನನಗೆ ಏನು ಕಾದಿದೆ ಎಂಬುದೆಲ್ಲ ಆ ಮುಖದಲ್ಲಿತ್ತು.

ಯಾಕೆ ಕೂಗಿ ಹೇಳಲಿಲ್ಲ ಎಂದು ನೀವು ಕೇಳಬಹುದು. ನಾನೂ ಇಷ್ಟು ವರ್ಷದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ರಾಗ ಮುಗಿದ ಕೂಡಲೇ ಹೇಳೋಣವೆಂದಿದ್ದೆ. ಆದರೆ ರಾಗ ಯಾವಾಗ ಮುಗಿಯುತ್ತದೆ ಎಂದು ತಿಳಿಯುವುದು ಹೇಗೆ? ವಿದ್ವಾಂಸರು ಒಂದು ಸ್ವರದ ಮೇಲೆ ನಿಂತು ಉಸಿರು ಬಿಡುತ್ತಿದ್ದರು. ಮುಗಿಯಿತು ಎಂದು ನಾನು ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಅವರು ಮತ್ತೆ ಹೊರಡುತ್ತಿದ್ದರು. ಮತ್ತೆ ನಿಲ್ಲುತ್ತಿದ್ದರು. ಮತ್ತೆ ಅರ್ಧ ಏಳುತ್ತಿದ್ದೆ. ಹೀಗೆ ಎದ್ದು ಕೂರುತ್ತಿದ್ದುದನ್ನು ಕಂಡ ಜನ, ಪ್ರತಿ ನಿಲುಗಡೆಯಲ್ಲೂ ನನಗೆ ಆಸನದಲ್ಲಿ ಇರಲಾಗುತ್ತಿಲ್ಲ ಎಂದುಕೊಂಡರು. ಅದು ನಿಜವೂ ಆಗಿತ್ತು. ಕೊನೆಗೆ ಪೋಸ್ಟ್‌ಮಾಸ್ಟರ ಭುಜ ಹಿಡಿದು ಅಲುಗಿಸಿ ಬೆರಳಿನಿಂದ ಕಿಂಡಿಯನ್ನು ತೋರಿಸಿದೆ. ಅವರು ಮೇಲೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಹೂಂ, ತಾರಸ್ಥಾಯಿ. ಈಗ ಅಲ್ಲಿಗೇ ಹೋಗ್ತಾರೆ. ನಿಮಗೆ ಮುಂಚೇನೇ ಗೊತ್ತಾಗ್ಹೋಯ್ತಲ್ಲ, ಭೇಷ್" ಎಂದರು. ಹೇಳಿದ ಹಾಗೇ ವಿದ್ವಾಂಸರು ದನಿಯನ್ನು ಮೇಲಕ್ಕೇರಿಸಿ ತಾರಸ್ಥಾಯಿಗೆ ಹೋದರು.

ಅಲ್ಲಿಂದ ಇಳಿದು ಬಂದವರು ಕೈ ಎತ್ತಿ ಪಿಟೀಲಿನವರಿಗೆ ಜಾಗ ಬಿಟ್ಟು, ನನ್ನ ಕಡೆ ತಿರುಗಿದರು.

"ಇಂಥ ರಸಿಕರು ಕೆಳಗೆ ಕೂರಬಾರದು. ಬನ್ನಿ ಸ್ವಾಮಿ, ಮೇಲೆ ಬನ್ನಿ. ನಮ್ಮ ಪಕ್ಕ ಕೂತ್ಕೊಳಿ."

"ಬೇಡ, ಬೇಡ!" ಎಂದೆ. ಎರಡು ಕೈಗಳನ್ನೂ ಅಡ್ಡಡ್ಡಕ್ಕೆ ಆಡಿಸಿದೆ.

"ವಿನಯ ನೋಡಿ!" ಎಂದರು ಯಾರೋ.

"ಹೋಗಿ ಅಳಿಯಂದಿರೆ, ದೊಡ್ಡೋರು ಕರೀತಾ ಇದಾರೆ" ಎಂದು ಮಾವನವರು ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿಯೇ ಬಿಟ್ಟರು.

ನನ್ನನ್ನು ವಿದ್ವಾಂಸರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿದರು. ಮರದ ಕೆಳಗೆ ಈಗ ನಾವಿಬ್ಬರು. ಈ ಸ್ಥಾನದಿಂದ ಗೊನೆ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ತರಗತಿಯಲ್ಲಿ ಪ್ರತಿ ವರ್ಷವೂ ನಾನು ಎತ್ತರದಿಂದ ಬೀಳುವ ವಸ್ತುವಿನ ವೇಗದ ಲೆಕ್ಕ ಕೊಡುತ್ತೇನೆ. ಅದರಲ್ಲಿ ಆ ವಸ್ತು ಯಾವ ಬಣ್ಣದ್ದು, ಕೆಳಗೆ ಯಾರು ಕೂತಿದ್ದಾರೆ, ಅವರ ಹೆಂಡತಿ ಯಾವ ಕಡೆ ಕೂತಿದ್ದಾಳೆ ಎಂಬ ವಿವರ ಇರುವುದಿಲ್ಲ. ಲೆಕ್ಕ ಅದಕ್ಕೇ ಅಷ್ಟು ಸುಲಭ.

ಅದೇ ಹೊತ್ತಿಗೆ ನಿಟ್ಟೂರು ಸ್ಟೇಷನ್ನಿನಲ್ಲಿ ತೂಗುಹಾಕಿದ್ದ ಹಳಿಯ ತುಂಡಿಗೆ ಯಾರೋ ಹೊಡೆದ ಸದ್ದು ಬಂತು. ಮೇಲ್ ಗಾಡಿ ಗುಬ್ಬಿ ಬಿಟ್ಟಿತು ಎಂದು ಅದರ ಅರ್ಥ. ಆ ಗಾಡಿ ನಿಟ್ಟೂರಿನಲ್ಲಿ ನಿಲ್ಲುವುದಿಲ್ಲ. ನಿಲ್ಲದ ಗಾಡಿ ಪೂರ್ತಿ ವೇಗದಲ್ಲಿ ತೋಟದ ಬದಿಗೇ ಹಾದುಹೋಗುವಾಗ ಮಾವನವರ ಮನೆಯ ಪಾತ್ರೆಗಳೇ ಶೆಲ್ಫಿನ ಮೇಲೆ ಗಲಗಲ ಎನ್ನುವುದನ್ನು ಆ ಮಧ್ಯಾಹ್ನವಷ್ಟೇ ಬೇರೊಂದು ಗಾಡಿಯ ಹೊತ್ತಿನಲ್ಲಿ ಕೇಳಿದ್ದೆ. ಮೇಲೆ ನೋಡಿದೆ. ತನ್ನದೇ ತಾಳದಲ್ಲಿದ್ದ ಆ ಕಾಯಿ ಈಗ ಒಂದು ನಾರಿಗೆ ಜೋತುಬಿದ್ದ ಹಾಗಿತ್ತು.

ನಿಯಮ ಹಾಳಾಗಲಿ ಎಂದು ವಿದ್ವಾಂಸರ ಕಿವಿಗೆ ಬಾಯಿ ಹಚ್ಚಿದೆ. ಹೇಳಬೇಕೆಂದಿದ್ದದ್ದು ಬಹಳವಿತ್ತು. ಒಣಗಿದ ಬಾಯಿಂದ ಹೊರಟದ್ದು ಇಷ್ಟೇ: "ಸ್ವಾಮಿ... ಸಾಕು. ನಿಲ್ಲಿಸಿಬಿಡಿ. ನನ್ನ ಕೈಲಿ ತಡೆಯೋಕಾಗ್ತಾ ಇಲ್ಲ."

ಅವರ ಕಣ್ಣಿನಲ್ಲಿ ನೀರಾಡಿತು. "ಐವತ್ತು ವರ್ಷದಿಂದ ಹಾಡ್ತಾ ಇದೀನಿ" ಎಂದರು, "ತಡೆಯೋಕಾಗಲ್ಲ ಅಂದೋರು ನೀವೊಬ್ಬರೇ. ನಿಮಗೋಸ್ಕರ ಇನ್ನೊಂದು ಸುತ್ತು." ಮತ್ತೆ ಹೊರಟರು.

ದೂರದಲ್ಲಿ ಗಾಡಿ ಕೂಗಿತು. ವಿದ್ವಾಂಸರು ಆ ಕೂಗಿನ ಸ್ವರವನ್ನೇ ಹಿಡಿದು ಅದರ ಮೇಲೆ ನಿಂತರು. ಜನ 'ಆಹಾ' ಎಂದರು. ನೆಲ ಸಣ್ಣಗೆ ನಡುಗತೊಡಗಿತು. ಹಲಗೆ ನಡುಗಿತು, ಹಗ್ಗ ಕಿರ್ ಎಂದಿತು, ಹಿಂದೆ ಮರ ಒಂದು ಸಲ ಮೈ ಕೊಡವಿದಂತಾಯಿತು. ಆಗ ಮೇಲಿನಿಂದ ಒಂದು ಸದ್ದು ಕೇಳಿಸಿತು. ಬಹಳ ಸಣ್ಣ ಸದ್ದು. ಒಣಗಿದ ಕಡ್ಡಿ ಮುರಿದ ಹಾಗೆ. ಮೃದಂಗ ಸುಮ್ಮನಿತ್ತು, ಪಿಟೀಲು ಸುಮ್ಮನಿತ್ತು, ವಿದ್ವಾಂಸರ ಒಂದೇ ಸ್ವರ ದೀಪದ ಹಾಗೆ ನಿಂತಿತ್ತು. ಅದರ ಪಕ್ಕದಲ್ಲಿ ಈ ಸದ್ದು. ಈಗಲೂ ರಾತ್ರಿ ಎಚ್ಚರವಾದರೆ ನಾನು ಕೇಳುವುದು ಅದನ್ನೇ.

ತೊಟ್ಟು ಬಿರುಕುಬಿಟ್ಟಿತ್ತು, ಕಾಯಿ ಇನ್ನೂ ಕಳಚಿರಲಿಲ್ಲ. ಅವರ ಸೊಂಟ ಹಿಡಿದು ಪಕ್ಕಕ್ಕೆ ಎಳೆಯಬೇಕೆಂದು ಎದ್ದೆ. ಪಂಚೆ ಉಟ್ಟು ಅಭ್ಯಾಸವಿಲ್ಲದವನು. ಅಂಚು ನನ್ನ ಕಾಲಿಗೇ ಸಿಕ್ಕಿಕೊಂಡಿತು. ಮುಗ್ಗರಿಸಿ, ಅವರನ್ನು ದಾಟಿ, ವೇದಿಕೆಯ ಮುಂಭಾಗದಲ್ಲಿ ಉದ್ದಕ್ಕೆ ಬೋರಲು ಬಿದ್ದೆ. ಬಿದ್ದವನು ತಲೆ ಕಾಪಾಡಿಕೊಳ್ಳಲು ಎರಡೂ ಕೈಗಳನ್ನು ತಲೆಯ ಮುಂದೆ ಜೋಡಿಸಿಕೊಂಡೆ. ಇದಕ್ಕೆ ನಮ್ಮಲ್ಲಿ ಸಾಷ್ಟಾಂಗ ನಮಸ್ಕಾರ ಎನ್ನುತ್ತಾರೆ.

ಹಾಡು ನಿಂತಿತು. "ಛೆ ಛೆ, ಏಳಿ, ಏಳಿ, ನಾನು ಅಷ್ಟು ದೊಡ್ಡೋನಲ್ಲ" ಎನ್ನುತ್ತಾ ಆ ಹಿರಿಯರು ತಾವೇ ಎದ್ದು ಬಂದು ನನ್ನನ್ನು ಎಬ್ಬಿಸಲು ಬಾಗಿದರು. ಅವರ ಕೈ ನನ್ನ ಭುಜಕ್ಕೆ ತಾಗಿತು. ಆಗ ನಮ್ಮ ಹಿಂದೆ, ಅವರು ಕೂತಿದ್ದ ಜಾಗದಲ್ಲಿ, ಧಡ್ ಎಂದಿತು.

ಹಲಗೆ ಸೀಳಿತ್ತು. ಹಿತ್ತಾಳೆ ಲೋಟ ಚಪ್ಪಟೆಯಾಗಿ ತಟ್ಟೆಯ ಹಾಗಾಗಿತ್ತು. ಹಾಲು ಹಲಗೆಯ ಮೇಲೆ ನಿಧಾನವಾಗಿ ಹರಡುತ್ತಿತ್ತು. ಅದರ ಮಧ್ಯೆ ಕಂದು ಬಣ್ಣದ ಕಾಯಿ ತಾನೇನೂ ಮಾಡಿಲ್ಲವೆಂಬಂತೆ ಒಂದು ಸುತ್ತು ಉರುಳಿ ನಿಂತಿತು. ಗಾಡಿಯ ಕೊನೆಯ ಡಬ್ಬಿಯೂ ಹೋಗಿ ಸದ್ದಡಗಿತು. ನಾನು ವಿದ್ವಾಂಸರನ್ನು ನೋಡಿದೆ, ಅವರು ಲೋಟವನ್ನು ನೋಡಿದರು. ಆ ಹೊಳೆಯುವ ನೆತ್ತಿ ಎಲ್ಲಿರಬೇಕಿತ್ತು, ಈಗ ಎಲ್ಲಿದೆ ಎಂದು ಇನ್ನೇನು ಜನರಿಗೆ ಅರ್ಥವಾಗುತ್ತದೆ, ಇನ್ನೇನು ಯಾರಾದರೂ ಕಿರುಚುತ್ತಾರೆ ಎಂದು ಕಾದೆ.

ಮಾವನವರು ಎದ್ದು ಕೈ ಮುಗಿದರು. "ನೋಡಿದ್ರೇನ್ರಯ್ಯ! ಕಾಂಭೋಜಿ ಕೇಳಿ ರಾಮದೇವರು ತನ್ನ ಮೀಸಲು ಕಾಯಿ ತಾನೇ ಇಳಿಸಿಕೊಟ್ಟ! ಪಟ್ಟಾಭಿಷೇಕದವರೆಗೂ ಕಾಯೋಕೆ ಅವನ ಕೈಲೂ ಆಗಲಿಲ್ಲ!"

ಚಪ್ಪರವಿಡೀ ಚಪ್ಪಾಳೆ. ಹಿಂದಿನಿಂದ ತೋಟದಾಳು, "ನಾ ಯೋಳ್ನಿಲ್ವಾ ಸ್ವಾಮಿ, ನೋಡ್ಕಂಡೇ ಬೀಳ್ತದೆ ಅಂತ?" ಎಂದು ಕೂಗಿದ. ಪೋಸ್ಟ್‌ಮಾಸ್ಟರು ತೊಡೆ ತಟ್ಟಿ, ಕಾಯಿ ಬಿದ್ದದ್ದು ಸರಿಯಾಗಿ ತಾಳದ ಸಮದ ಮೇಲೆ ಎಂದು ಸಾಧಿಸಿದರು. ರಾಗಾಲಾಪನೆಗೆ ತಾಳವೇ ಇರುವುದಿಲ್ಲವಂತೆ. ಅದು ನನಗೆ ಆಮೇಲೆ ತಿಳಿಯಿತು. ವಿದ್ವಾಂಸರು ತಮಗೆ ಹೊದಿಸಿದ್ದ ಶಾಲನ್ನು ತೆಗೆದು ನನಗೆ ಹೊದಿಸಿ, ಆ ಕಾಯಿಯನ್ನೇ ಎತ್ತಿ ಎರಡೂ ಕೈಯಿಂದ ನನ್ನ ಮಡಿಲಿಗೆ ಹಾಕಿದರು. ಹಾಕುವ ಮೊದಲು ಒಮ್ಮೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಅದು ಭಕ್ತಿಯೋ, ಲೋಟವನ್ನು ನೋಡಿದ್ದರ ಫಲವೋ ಎಂದು ಇಂದಿಗೂ ಯೋಚಿಸುತ್ತೇನೆ. ಆಮೇಲೆ ಅವರು ಮಂಗಳ ಹಾಡಿದ್ದು ಎರಡು ಹಲಗೆ ಮುಂದೆ ಕೂತು.

ಮಾರನೆಯ ದಿನ ರೈಲಿನಲ್ಲಿ, ಕಾಯಿಯನ್ನು ನಮ್ಮಿಬ್ಬರ ಮಧ್ಯೆ ಇಟ್ಟುಕೊಂಡು ಕೂತಿದ್ದೆವು. ಬೈಗುಳಕ್ಕೆ ಕಾದಿದ್ದೆ. ಗಾಡಿ ಗುಬ್ಬಿ ದಾಟಿತು. ಶಾರದೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ರೀ, ನೀವು ನಿನ್ನೆ ಅಷ್ಟು ಹೊತ್ತೂ ನೋಡ್ತಾ ಇದ್ದದ್ದು ಈ ಕಾಯಿನೇ ಅಲ್ವಾ?"

ನನಗೆ ಹೋದ ಜೀವ ಬಂದಂತಾಯಿತು. ಲೋಕದಲ್ಲಿ ಒಬ್ಬರಿಗಾದರೂ ಅರ್ಥವಾಯಿತಲ್ಲ! "ಹೌದು ಕಣೇ! ನಿನಗೆ ಹೇಗೆ ಗೊತ್ತಾಯ್ತು?"

"ನೀವು ಹಂಗೆ ಮೇಲೆ ನೋಡ್ತಾ ಇದ್ರಲ್ಲ, ನಾನೂ ಬಗ್ಗಿ ನೋಡಿದೆ. ಕಾಣಿಸ್ತು."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಅದರ ಕೆಳಗೇ ಕೂತಿದ್ದೆನಲ್ಲೇ!"

ಅವಳು ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ನಿಜವಾದ ಸಂಕಟವಿತ್ತು. "ಹೇಳೋಣ ಅಂತ ಎರಡು ಸಲ ಏಳೋಕೆ ಹೋದೆ ರೀ. ಆದ್ರೆ ಕಾಂಭೋಜಿ ಅಷ್ಟು ಚೆನ್ನಾಗಿ ಬರ್ತಾ ಇತ್ತು. ಮಧ್ಯದಲ್ಲಿ ಹೆಂಗೆ ಹೇಳೋದು?"

ದಾಂಪತ್ಯದಲ್ಲಿ ಒಬ್ಬರಿಗೊಬ್ಬರು ಎಷ್ಟು ಮುಖ್ಯ ಎಂಬುದನ್ನು ಅಳೆಯಲು ಹೋಗಬಾರದು. ಹೋದರೂ ಕಾಂಭೋಜಿಯ ಪಕ್ಕದಲ್ಲಿಟ್ಟು ಅಳೆಯಬಾರದು. ಕಾಯಿಯಿಂದ ಅವಳು ಕೊಬ್ಬರಿ ಮಿಠಾಯಿ ಮಾಡಿದಳು. ಬೀದಿಯವರೆಲ್ಲ ತಿಂದು ಹೊಗಳಿದರು. ನಾನು ಮಾತ್ರ ಒಂದನ್ನೂ ಮುಟ್ಟಲಿಲ್ಲ.

ಆ ವರ್ಷದಿಂದ ಮೀಸಲು ಮರದ ಮರ್ಯಾದೆ ಹೆಚ್ಚಿದೆ. ಅದರ ಕಾಯಿಯನ್ನು ಈಗ ಪಟ್ಟಾಭಿಷೇಕದ ದಿನವೂ ಯಾರೂ ಹತ್ತಿ ಇಳಿಸುವುದಿಲ್ಲ. ದೇವರೇ ಇಳಿಸಲಿ ಎಂದು ಬಿಟ್ಟಿದ್ದಾರೆ. ವೇದಿಕೆಯನ್ನು ಅಲ್ಲೇ ಕಟ್ಟುತ್ತಾರೆ. ಪ್ರತಿ ಚೈತ್ರದಲ್ಲೂ ಮಾವನವರ ಕಾಗದ ಬರುತ್ತದೆ, ಒರಗು ಕುರ್ಚಿ ಕಾದಿದೆ ಎಂದು. ಪ್ರತಿ ಚೈತ್ರದಲ್ಲೂ ನಮ್ಮ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ನನಗೆ ಅಡ್ಡ ಬರುತ್ತದೆ. ಕುಣಿಗಲ್ಲಿನ ವಿದ್ವಾಂಸರಿಗೂ ಆ ದಿನಗಳಲ್ಲಿ ಬೇರೆ ಊರಿನ ಕಚೇರಿ ಒಪ್ಪಿಕೊಂಡಾಗಿರುತ್ತದಂತೆ. ಅವರನ್ನು ಒಮ್ಮೆ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದೆವು. ಅವರು ಕೈ ಮುಗಿದರು, ನಾನೂ ಮುಗಿದೆ. ನಿಂತಿದ್ದದ್ದು ಒಂದು ಹುಣಸೆ ಮರದ ಕೆಳಗೆ. ಯಾರು ಮೊದಲು ಎಂದು ಹೇಳಲಾರೆ, ಇಬ್ಬರೂ ಒಟ್ಟಿಗೇ ಒಮ್ಮೆ ಮೇಲೆ ನೋಡಿದೆವು.

ಸಂಗೀತ ನನಗೆ ಇನ್ನೂ ಬಂದಿಲ್ಲ. ಆದರೆ ಆ ಸಂಜೆಯನ್ನು ತಿರುಗಿ ತಿರುಗಿ ನೆನೆಯುವುದರಲ್ಲಿ ಒಂದು ವಿಚಿತ್ರ ನಡೆದುಹೋಗಿದೆ. ಗೊನೆ ತೂಗಿದ್ದು, ಗಾಡಿ ಕೂಗಿದ್ದು, ಕಡ್ಡಿ ಮುರಿದ ಸದ್ದು, ಇವೆಲ್ಲ ನೆನಪಿಗೆ ಬರುವಾಗ ಅವುಗಳ ಹಿಂದೆ ನಡೆಯುತ್ತಿದ್ದ ಹಾಡೂ ಒಂದು ಎಳೆ ಬಿಡದಂತೆ ಬರುತ್ತದೆ. ಈಚೆಗೆ ನಾವು ಮನೆಗೆ ರೇಡಿಯೋ ತಂದಿದ್ದೇವೆ. ಬೆಳಿಗ್ಗೆ ಯಾರೋ ಹಾಡುತ್ತಿರುತ್ತಾರೆ. ಪಕ್ಕದ ಮನೆಯವರು ಬಂದು, ಇದು ಕಾಂಭೋಜಿಯೋ, ಅದರ ಹಾಗೇ ಕೇಳಿಸುವ ಇನ್ನೊಂದು ರಾಗವೋ ಎಂದು ಶಾರದೆಯನ್ನು ಕೇಳುತ್ತಾರೆ. ಅಷ್ಟು ವರ್ಷ ಪಾಠ ಹೇಳಿಸಿಕೊಂಡವಳು ಅವಳು. ಆದರೂ ಉತ್ತರ ಹೇಳುವ ಮೊದಲು ಅಡುಗೆಮನೆಯ ಬಾಗಿಲಿನಿಂದ ಇಣುಕಿ, ಪೇಪರು ಓದುತ್ತಾ ಕೂತಿರುವ ನನ್ನ ಕಡೆ ನೋಡುತ್ತಾಳೆ.

"ಕಾಂಭೋಜಿನೇ" ಎನ್ನುತ್ತಾಳೆ. "ನಮ್ಮೆಜಮಾನರು ಆಗ್ಲೇ ಕುರ್ಚಿ ಸರಿಸ್ಕೊಂಡ್ರು."